ಕೆಂಪು ಶಾಯಿಯ ಗುರುತು



೩೪ ವರ್ಷಗಳ ಕಾಲ ನಾನು ಹುಡುಗರ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಿಂದ ಗುರುತು ಹಾಕಿದವನು. ಉತ್ತರವು ಸರಿಯಾಗಿದ್ದರೆ ಕೆಳಗಿಳಿದು ಓರೆಯಾಗಿ ಮೇಲಕ್ಕೇರುವ ಒಂದು ಗೀಟು. ತಪ್ಪಾಗಿದ್ದರೆ ಒಂದನ್ನೊಂದು ಕತ್ತರಿಸುವ ಎರಡು ಗೀಟು. ಈ ಗುರುತಿನ ಅರ್ಥವೇನೆಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ. ನನಗೂ ಅದರ ವಿಷಯದಲ್ಲಿ ಸಂದೇಹವು ಹುಟ್ಟಿದ್ದಿಲ್ಲ. ಕಳೆದ ಮಾಘಮಾಸದಲ್ಲಿ ಆ ಗುರುತೇ ನನ್ನನ್ನು ವಂಚಿಸಿ, ನಮ್ಮ ಮನೆಯಲ್ಲಿ ಮೂರು ದಿನಗಳ ಬರವಣಿಗೆಯು ಹೇಳಹೆಸರಿಲ್ಲದಂತಾಗುವುದಕ್ಕೆ ಕಾರಣವಾಯಿತು. ಆ ವೃತ್ತಾಂತವನ್ನೂ, ಅನಂತರ ನಮ್ಮ ಮಗಳು ಆ ಗುರುತಿಗೆ ಮಾಡಿದ ಚಿಕಿತ್ಸೆಯನ್ನೂ ಈ ತಿಂಗಳು ನಿವೇದಿಸಬೇಕೆಂದಿದ್ದೇನೆ. ಅಡಿಗೆಮನೆಯಲ್ಲಿ ಆರಂಭವಾಗಿ ಗಣಕಯಂತ್ರದೊಳಕ್ಕೆ ಹೋಗುವ ಕಥೆಯಾದುದರಿಂದ ಮನೆಯ ಹೆಂಗಸರೂ ಗಂಡಸರೂ ಕೂಡಿ ಓದಬಹುದು.

ನನ್ನ ಪತ್ನಿಯ ದೊಡ್ಡಮ್ಮನವರಿಗೆ ಈಗ ೮೮ ವರ್ಷ. ಹೊಳೆನರಸೀಪುರದಲ್ಲಿ ಮಗನ ಮನೆಯಲ್ಲಿರುವರು. ಹಬ್ಬ ಹುಣ್ಣಿಮೆಗಳ ಅಡಿಗೆ, ಬಾಣಂತಿಯ ಪಥ್ಯ, ಹಪ್ಪಳ ಸಂಡಿಗೆಗಳ ಹದ, ಮನೆಯ ಪುಡಿಗಳ ಪ್ರಮಾಣ, ಇವೆಲ್ಲ ಅವರಿಗೆ ಕಂಠಸ್ಥ. ಕಾಗದದ ಮೇಲೆ ಒಂದಕ್ಷರವೂ ಇಲ್ಲ. ಮಾಘದಲ್ಲಿ ಅವರು ಮೈಸೂರಿಗೆ ಬಂದು ನಮ್ಮಲ್ಲಿ ಹದಿನೈದು ದಿನ ನಿಂತಾಗ, ಇದನ್ನೆಲ್ಲ ಬರೆದಿಡಬೇಕೆಂದು ನನ್ನ ಪತ್ನಿಯು ನಿಶ್ಚಯಿಸಿದಳು. ನೋಟುಬುಕ್ಕುಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ಆದರೆ ಬರೆದದ್ದು ಬೇಕಾದಾಗ ಸಿಕ್ಕುವುದಿಲ್ಲವೆಂಬುದೇ ಆಕೆಯ ದೂರು. ಆದುದರಿಂದ, ನನ್ನ ವ್ಯಾಕರಣದ ಟಿಪ್ಪಣಿಗಳಿಗಾಗಿ ನಮ್ಮ ಮಗಳು ಲ್ಯಾಪ್‌ಟಾಪಿನಲ್ಲಿ ಏರ್ಪಡಿಸಿಕೊಟ್ಟಿದ್ದ ಟಿಡ್ಲಿವಿಕಿ ಎಂಬುದರಲ್ಲಿಯೇ ಆಕೆಗೂ ಒಂದು ಪುಸ್ತಕವನ್ನು ತೆರೆದುಕೊಟ್ಟೆನು.

ಇದೇನೆಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಓದುವವರೇ ತಿದ್ದಿ ಬರೆಯಬಹುದಾದ ಪುಟಗಳ ಏರ್ಪಾಡೊಂದನ್ನು ೧೯೯೫ರಲ್ಲಿ ಅಮೆರಿಕಾದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು ನಿರ್ಮಿಸಿ ಅದಕ್ಕೆ ‘ವಿಕಿ’ ಎಂದು ಹೆಸರಿಟ್ಟರು. ಹವಾಯಿ ದ್ವೀಪಗಳ ಭಾಷೆಯಲ್ಲಿ ಆ ಶಬ್ದಕ್ಕೆ ಶೀಘ್ರವೆಂದು ಅರ್ಥ. ಹೊನೊಲುಲು ವಿಮಾನನಿಲ್ದಾಣದಲ್ಲಿ ಓಡುತ್ತಿದ್ದ ಬಸ್ಸಿನ ಹೆಸರಿನಿಂದ ಅವರು ಅದನ್ನು ಎತ್ತಿಕೊಂಡರಂತೆ. ೨೦೦೧ರಲ್ಲಿ ಆರಂಭವಾದ ವಿಕಿಪೀಡಿಯವು ಈ ವಂಶದ್ದೇ. ಅದು ಲೋಕಕ್ಕೆಲ್ಲ ಸೇರಿದ ಛತ್ರ. ಒಬ್ಬನೇ ಗೃಹಸ್ಥನಿಗೆ ಸಾಕಾಗುವ ಸಣ್ಣ ಮನೆಯೊಂದನ್ನು ಅದೇ ಮಾದರಿಯಲ್ಲಿ ಕಟ್ಟಿದವರು ಜೆರೆಮಿ ರಸ್ಟನ್ ಎಂಬ ಆಂಗ್ಲೇಯರು. ಅವರ ಟಿಡ್ಲಿವಿಕಿಯು ೨೦೦೪ರ ಸೆಪ್ಟೆಂಬರಿನಲ್ಲಿ ಹೊರಬಿದ್ದಿತು. ಬುನಾದಿಯಿಂದ ಮತ್ತೆ ಕಟ್ಟಿದ ಈಗಿನ ರೂಪವು ೨೦೧೪ರಲ್ಲಿ ಬಳಕೆಗೆ ಸಿದ್ಧವಾಯಿತು. ಇದರಲ್ಲಿ ಬರೆಯುವ ಒಂದೊಂದು ತುಣುಕಿಗೂ ‘ಟಿಡ್ಲರ್’ ಎಂದು ಹೆಸರು. ಇಂಗ್ಲೆಂಡಿನ ಮಕ್ಕಳು ಹಳ್ಳದಲ್ಲಿ ಹಿಡಿಯುವ ಕಿರುಮೀನಿಗೆ ಆ ಶಬ್ದವು ಸಲ್ಲುವುದು. ನಾನು ಅದನ್ನು ಚೀಟಿ ಎಂದೇ ಕರೆಯುವೆನು.

ಇದರ ವಿಶೇಷವೆಂದರೆ, ಚೀಟಿಗಳೂ ಅವನ್ನು ತೋರಿಸುವ ಯಂತ್ರವೂ ಎಲ್ಲವೂ ಒಂದೇ ಫೈಲಿನಲ್ಲಿ ಅಡಗಿರುವುದು. ಅಂತರಜಾಲವಿಲ್ಲದಿದ್ದರೂ ಬ್ರೌಸರಿನಲ್ಲಿ ತೆರೆಯುತ್ತದೆ. ಒಂದು ಚೀಟಿಯಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು. ಒಂದರಲ್ಲಿ ಬರೆದದ್ದನ್ನು ಮತ್ತೆ ಬರೆಯದೆಯೇ ಬೇರೊಂದರಲ್ಲಿ ಬರಮಾಡಿಕೊಳ್ಳಬಹುದು. ಪಾಣಿನಿಯ ಸೂತ್ರಗಳನ್ನು ಓದಿದವರಿಗೆ ಇದು ಹೊಸದಾಗಿ ಕಾಣದು. ಮೇಲಿನ ಸೂತ್ರದ ಪದವು ಕೆಳಗಿನ ಸೂತ್ರಗಳಿಗೆ ಅನುವೃತ್ತಿಯಿಂದ ಇಳಿದು ಬರುವುದಿಲ್ಲವೆ? ಇನ್ನೂ ಒಂದು ಸ್ವಾರಸ್ಯವುಂಟು. ಪುಟದ ಮೇಲೆ ಕಾಣುವ ಗುಂಡಿಗಳು, ಅವುಗಳ ಹೆಸರು, ಬಣ್ಣಗಳ ಪಟ್ಟಿ, ಇವೂ ಚೀಟಿಗಳೇ. ನಮ್ಮ ಒಂದು ಚೀಟಿಗೆ ಗೊತ್ತಾದ ಹಣೆಪಟ್ಟಿಯನ್ನು ಅಂಟಿಸಿದರೆ ಅದು ಗುಂಡಿಯಾಗಿ ಪಕ್ಕದ ಅಂಕಣದಲ್ಲಿ ಹೋಗಿ ಕುಳಿತುಕೊಳ್ಳುವುದು. ಇದರ ಮೂಲಬರಹವು ಸರ್ವರಿಗೂ ತೆರೆದಿದೆ, ಬಿ. ಎಸ್. ಡಿ. ಎಂಬ ಪರವಾನಗಿಯ ಮೇರೆಗೆ, ಕರ್ತೃಗಳ ಹಕ್ಕಿನ ಒಕ್ಕಣೆಯನ್ನು ಉಳಿಸಿಕೊಂಡು, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಹಣ ಕೊಡಬೇಕಾದ್ದಿಲ್ಲ.

ಇನ್ನು ಪ್ರಮಾದದ ಕಥೆ. ದೊಡ್ಡಮ್ಮನವರು ಊಟವಾದಮೇಲೆ ಉಯ್ಯಾಲೆಯ ಮೇಲೆ ಕುಳಿತು ಹೇಳುವರು. ನನ್ನ ಪತ್ನಿಯು ಬರೆಯುವಳು. ಮೊದಲನೆಯ ದಿನ ಮೆಂತ್ಯದ ಹಿಟ್ಟು, ಹುಳಿಪುಡಿ, ಚಟ್ನಿಪುಡಿ. ಚೀಟಿಯನ್ನು ಬರೆದು ಮುಗಿಸಿದಮೇಲೆ ಅದರ ತಲೆಯ ಮೇಲಿರುವ ಸರಿಗುರುತಿನ ಗುಂಡಿಯನ್ನು ಒತ್ತಬೇಕು. ಹಾಗೆಯೇ ಆಕೆ ಒತ್ತಿದಳು. ಚೀಟಿಯು ಅಚ್ಚುಕಟ್ಟಾಗಿ ನಿಂತಿತು. ಪಕ್ಕದ ಅಂಕಣದಲ್ಲಿ ವರ್ತುಲದೊಳಗೆ ಇನ್ನೊಂದು ಸರಿಗುರುತು ಇರುವುದು. ಅದು ಈಗ ಕೆಂಪಗಾಯಿತು.

“ಏನೂಂದ್ರೆ, ಇಲ್ಲಿ ಕೆಂಪಗೆ ಒಂದು ಗುರುತು ಬಂದಿದೆಯಲ್ಲ, ಏನದು?” ಎಂದು ಆಕೆ ಕೇಳಿದಳು.

“ಎಲ್ಲ ಸರಿಯಾಗಿದೆ ಎಂದು ಅರ್ಥ” ಎಂದು ನಾನು ಪತ್ರಿಕೆಯಿಂದ ತಲೆಯೆತ್ತದೆ ಉತ್ತರ ಕೊಟ್ಟೆನು. ನನ್ನ ಟಿಪ್ಪಣಿಗಳನ್ನು ಅಷ್ಟು ದಿನವೂ ಮಗಳೇ ಬಂದಾಗ ಬಂದಾಗ ಭದ್ರಪಡಿಸಿ ಹೋಗುತ್ತಿದ್ದುದರಿಂದ ನನ್ನ ಅಜ್ಞಾನವು ಅದುವರೆಗೆ ಬಯಲಾಗಿದ್ದಿಲ್ಲ.

ಕೆಂಪಾದ ಆ ಗುರುತಿನ ನಿಜವಾದ ಅರ್ಥವು ಇದಕ್ಕೆ ನೇರ ವಿರುದ್ಧ: ಬರೆದದ್ದು ಇನ್ನೂ ಬ್ರೌಸರಿನ ನೆನಪಿನಲ್ಲಿ ಮಾತ್ರವಿದೆ, ಫೈಲಿಗೆ ಇಳಿದಿಲ್ಲ, ನನ್ನನ್ನು ಒತ್ತು, ಎಂದು. ಚೀಟಿಯ ಸರಿಗುರುತು ಬೇರೆ, ಪುಸ್ತಕದ ಸರಿಗುರುತು ಬೇರೆ. ಅಷ್ಟೇ ಅಲ್ಲದೆ, ಬ್ರೌಸರು ಕ್ಷೇಮದ ದೃಷ್ಟಿಯಿಂದ ಪುಟವೊಂದು ತಾನಾಗಿ ನಮ್ಮ ಫೈಲನ್ನು ಮುಟ್ಟಗೊಡುವುದಿಲ್ಲ. ಹಿಂದೆ ಫೈರ್‌ಫಾಕ್ಸಿಗೆ ಒಂದು ಉಪಾಂಗವನ್ನು ಜೋಡಿಸಿದರೆ ಫೈಲು ಇದ್ದಲ್ಲಿಯೇ ಉಳಿಯುತ್ತಿದ್ದಿತು. ೨೦೧೭ರ ನವೆಂಬರಿನಲ್ಲಿ ಬಂದ ಅದರ ೫೭ನೆಯ ಆವೃತ್ತಿಯಿಂದ ಆ ಬಗೆಯ ಹಳೆಯ ಉಪಾಂಗಗಳೆಲ್ಲ ನಿಂತುವು. ಈಗ ಬೇರೆ ಸಹಾಯಗಳಿವೆ. ನಾವು ಯಾವುದನ್ನೂ ಜೋಡಿಸಿಕೊಂಡಿರಲಿಲ್ಲ. ಜೋಡಿಸದಿದ್ದರೆ, ಕೆಂಪು ಗುರುತನ್ನು ಒತ್ತಿದಾಗಲೆಲ್ಲ ಇಡೀ ಪುಸ್ತಕದ ಹೊಸ ಪ್ರತಿಯೊಂದು ಡೌನ್‌ಲೋಡುಗಳ ಕಪಾಟಿಗೆ ಹೋಗಿ ಬೀಳುವುದು. ಹಳೆಯದು ಹಳೆಯದಾಗಿಯೇ ಇರುವುದು.

ಹೀಗೆ ನಾಲ್ಕು ದಿನಗಳ ಬರವಣಿಗೆಯು ತೆರೆದ ಪುಟದಲ್ಲಿಯೇ ನಿಂತಿದ್ದಿತು. ಐದನೆಯ ದಿನ ಬೆಳಿಗ್ಗೆ ನಾನು ಲ್ಯಾಪ್‌ಟಾಪನ್ನು ಒರೆಸಿಡುವಾಗ ಬ್ರೌಸರನ್ನು ಮುಚ್ಚಹೋದೆ. ತಿದ್ದಿದ್ದು ಉಳಿಯದೆ ಹೋಗಬಹುದು, ಬಿಟ್ಟು ಹೋಗಲೆ? ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಓದಿದೆನು, ಅರ್ಥವೂ ಆಯಿತು. ಆದರೆ ಪಕ್ಕದಲ್ಲಿ ಕೆಂಪು ಸರಿಗುರುತು ಇತ್ತಷ್ಟೆ! ಪರೀಕ್ಷಕನೇ ಸರಿಯೆಂದು ಗುರುತು ಹಾಕಿರುವಾಗ ಜವಾನನ ಮಾತಿಗೆ ಏನು ಬೆಲೆ ಎಂಬಂತೆ, ಬಿಟ್ಟು ಹೋಗು ಎಂಬುದನ್ನು ಒತ್ತಿದೆನು.

ಮಧ್ಯಾಹ್ನ ನನ್ನ ಪತ್ನಿಯು ಪುಸ್ತಕವನ್ನು ತೆರೆದಳು. ಒಂದು ಚೀಟಿಯೂ ಇಲ್ಲ. ಆಕೆ ಏನೂ ಆಡಲಿಲ್ಲ. ಮುಚ್ಚಳವನ್ನು ಮುಚ್ಚಿ ಒಳಗೆ ಹೋದಳು. ಮತ್ತೊಮ್ಮೆ ಹೇಳಬೇಕೆಂದು ದೊಡ್ಡಮ್ಮನವರನ್ನು ಬೇಡಿಕೊಂಡುದಕ್ಕೆ, ಮೆಂತ್ಯದ ಹಿಟ್ಟೊಂದನ್ನು ಹೇಳಿ, “ಉಳಿದದ್ದೆಲ್ಲ ಹೇಳಿಯಾಯಿತಲ್ಲಮ್ಮ, ಬಾಯಿ ನೋಯುತ್ತೆ” ಎಂದುಬಿಟ್ಟರು. ಅದನ್ನಾದರೂ ಆಕೆ ಹಳೆಯ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು.

ಆ ಶನಿವಾರ ನಮ್ಮ ಮಗಳು ಬೆಂಗಳೂರಿನಿಂದ ಬಂದಳು. ಅವಳ ಉದ್ಯೋಗವೇ ಗಣಕಯಂತ್ರದ್ದು. ಕಥೆಯನ್ನು ಕೇಳಿ ನಗುವಳೆಂದು ನಾನು ಹೆದರಿದ್ದೆ, ನಗಲಿಲ್ಲ. “ಅಣ್ಣ, ಆ ಗುರುತನ್ನು ನೋಡಿ ನಿಮಗೆ ಏನನ್ನಿಸಿತೋ ಅದನ್ನೇ ಇನ್ನೊಮ್ಮೆ ಹೇಳಿ” ಎಂದು ಕಾಗದದಲ್ಲಿ ಬರೆದುಕೊಂಡಳು. (ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣನೆಂದು ಕರೆಯುವುದು ರೂಢಿ.) ಸ್ವೀಡನ್, ಫಿನ್ಲೆಂಡ್, ಜಪಾನ್ ದೇಶಗಳ ಶಾಲೆಗಳಲ್ಲಿ ಇದೇ ಗುರುತನ್ನು ತಪ್ಪಾದ ಉತ್ತರಕ್ಕೆ ಹಾಕುವ ವಾಡಿಕೆಯುಂಟೆಂದು ಅವಳಿಂದಲೇ ತಿಳಿದೆನು. ಅಲ್ಲಿಯ ಉಪಾಧ್ಯಾಯನಾಗಿದ್ದರೆ ಕೆಂಪನ್ನು ಕಂಡು ನಾನು ಎಚ್ಚತ್ತುಕೊಳ್ಳುತ್ತಿದ್ದೆನೇನೋ! ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವೆಂದು ಮೀಮಾಂಸಕರು, ಸಂಕೇತದಿಂದ ಬಂದುದೆಂದು ನೈಯಾಯಿಕರು. ನನ್ನ ಗುರುಗಳು ಮೀಮಾಂಸಕರ ಪಕ್ಷ. ಈ ಗುರುತಿನ ಮಟ್ಟಿಗೆ ನಾನು ಪಕ್ಷವನ್ನು ಬದಲಾಯಿಸಬೇಕಾಗಿ ಬಂದಿತು.

ಯಂತ್ರಕ್ಕೂ ಮನುಷ್ಯನಿಗೂ ನಡುವೆ ಇರುವ ಈ ಗುಂಡಿ, ಬಣ್ಣ, ಬರಹಗಳ ಭಾಗಕ್ಕೆ ಇಂಟರ್‌ಫೇಸ್ ಎನ್ನುವರು. ಹೊಸ್ತಿಲೆಂದರೆ ನಮಗೆ ಬೇಗ ಅರ್ಥವಾದೀತು. ಹೊಸ್ತಿಲನ್ನು ತಿದ್ದುವುದಕ್ಕೆ ನಮ್ಮ ಮಗಳು ಮೂರು ಭಾನುವಾರಗಳನ್ನು ವ್ಯಯಮಾಡಿದಳು. ಟಿಡ್ಲಿವಿಕಿಯಲ್ಲಿ ಮೂಲದೊಡನೆ ಬಂದ ಚೀಟಿಗಳನ್ನು ನೆರಳುಚೀಟಿಗಳೆನ್ನುವರು. ಅವನ್ನು ನಾವು ತಿದ್ದಿದರೆ ಮೂಲವು ಅಳಿಯುವುದಿಲ್ಲ. ನಮ್ಮದು ಅದರ ಮೇಲೆ ನಿಲ್ಲುವುದು. ನಮ್ಮದನ್ನು ತೆಗೆದರೆ ಮೂಲವು ಮತ್ತೆ ಕಾಣುವುದು. ಅಪವಾದಸೂತ್ರವು ಇರುವವರೆಗೆ ಉತ್ಸರ್ಗವನ್ನು ತಡೆಯುವುದಷ್ಟೆ. ಅಪವಾದವು ಸರಿದರೆ ಉತ್ಸರ್ಗವು ಇದ್ದೇ ಇದೆ. ಇದನ್ನು ಕೇಳಿದಮೇಲೆ ಅವಳು ಏನನ್ನಾದರೂ ಕೆಡಿಸಿಯಾಳೆಂಬ ನನ್ನ ಭಯವು ಹೋಯಿತು.

ಪರೀಕ್ಷೆಗೆ ಕುಳಿತವಳು ನನ್ನ ಪತ್ನಿ. ಕೆಲಸವನ್ನು ಮಾತ್ರ ಹೇಳುವುದು, ದಾರಿಯನ್ನು ಹೇಳಕೂಡದು, ಇದು ಮಗಳ ನಿಯಮ. “ಅಮ್ಮ, ಒಂದು ಚೀಟಿ ಬರಿ, ಮುಚ್ಚು, ತಿರುಗಿ ತೆಗೆದು ನನಗೆ ತೋರಿಸು” ಎಂದಿಷ್ಟೇ ಹೇಳಿ, ಹಿಂದೆ ಕುಳಿತು, ಆಕೆಯ ಕೈ ಎಲ್ಲಿ ತಡೆಯುತ್ತದೆಂದು ಬರೆದುಕೊಳ್ಳುವಳು. ನನಗೆ ಬಾಯಿ ಬಿಡಲು ಅಪ್ಪಣೆಯಿಲ್ಲ. ಜೀವಮಾನವೆಲ್ಲ ಹುಡುಗನು ತಡವರಿಸಿದೊಡನೆ ಎತ್ತಿಕೊಟ್ಟವನಿಗೆ ಇದು ಎಂತಹ ಶಿಕ್ಷೆಯೆಂಬುದನ್ನು ನನ್ನ ಸಹೋದ್ಯೋಗಿಗಳಾಗಿದ್ದವರು ಬಲ್ಲರು. ಎರಡು ಬಾರಿ ಬಾಯಿ ಬಿಟ್ಟೆ. ಮೂರನೆಯ ಬಾರಿಗೆ ನನ್ನನ್ನು ಜಗಲಿಗೆ ಕಳುಹಿಸಿದರು. ಕಿಟಕಿಯಿಂದ ನೋಡುತ್ತಿರುವಾಗ ನನಗೊಂದು ವಿಚಾರವು ಹೊಳೆಯಿತು. ತರಗತಿಯಲ್ಲಿ ಅರ್ಧದಷ್ಟು ಹುಡುಗರು ಒಂದೇ ಪ್ರಶ್ನೆಗೆ ಒಂದೇ ತಪ್ಪನ್ನು ಮಾಡಿದಾಗಲೆಲ್ಲ ನಾನು ಹುಡುಗರನ್ನು ಬೈದೆನೇ ಹೊರತು ಪ್ರಶ್ನೆಯನ್ನು ತಿರುಗಿಸಿ ಓದಿ ನೋಡಲಿಲ್ಲ.

ಮೊದಲನೆಯ ಭಾನುವಾರ, ಗುರುತಿನ ಪಕ್ಕದಲ್ಲಿ ‘ಉಳಿಸು’ ಎಂಬ ಪದವನ್ನು ಹಾಕಿದಳು. ಗುಂಡಿಗಳಿಗೆ ಹೆಸರನ್ನು ತೋರಿಸುವ ಅನುಕೂಲವು ಇದರಲ್ಲಿ ಮೊದಲೇ ಉಂಟು. ಇಂಗ್ಲಿಷ್ ಹೆಸರಿದ್ದ ನೆರಳುಚೀಟಿಯ ಮೇಲೆ ಕನ್ನಡದ್ದನ್ನು ಇಟ್ಟರಾಯಿತು. ಪರೀಕ್ಷೆಯಲ್ಲಿ ಇದು ನಪಾಸು. “ಚೀಟಿಯಲ್ಲೇ ಸರಿ ಅಂತ ಒತ್ತಿ ಉಳಿಸಿದೆನಲ್ಲ, ಇನ್ನು ಏನನ್ನು ಉಳಿಸಲಿ?” ಎಂದು ಪರೀಕ್ಷಾರ್ಥಿನಿಯು ಕೇಳಿದಳು. ನ್ಯಾಯವಾದ ಪ್ರಶ್ನೆ. ಇಲ್ಲಿ ನನಗೆ ಮಾತನಾಡಲು ಅವಕಾಶವು ದೊರೆಯಿತು. ‘ಉಳಿಸು’ ಎಂಬುದು ವಿಧ್ಯರ್ಥ. ಅಪ್ಪಣೆಯನ್ನು ಹೇಳುವುದು, ಸ್ಥಿತಿಯನ್ನು ಹೇಳುವುದಿಲ್ಲ. ಓದುವವಳಿಗೆ ಬೇಕಾಗಿರುವುದು ಸ್ಥಿತಿ. ಆದುದರಿಂದ ಆಜ್ಞೆಯನ್ನು ಬಿಟ್ಟು ವಾಕ್ಯವನ್ನು ಬರೆ ಎಂದೆನು. ಒಪ್ಪಿದಳು.

ಎರಡನೆಯ ಭಾನುವಾರ, ಪುಟದ ನೆತ್ತಿಯಲ್ಲಿ ‘ಬರೆದದ್ದು ಇನ್ನೂ ಫೈಲಿಗೆ ಸೇರಿಲ್ಲ’ ಎಂಬ ಪಟ್ಟಿಯು ಕಾಣುವಂತಾಯಿತು. ಉಳಿಸದ ಬರವಣಿಗೆಯಿರುವಾಗ ಇಡೀ ಪುಟಕ್ಕೇ ಒಳಗೊಳಗೆ ಒಂದು ಗುರುತು ಅಂಟಿಕೊಳ್ಳುವುದಂತೆ. ಅದನ್ನು ಹಿಡಿದು, ಅಲಂಕಾರದ ಹಣೆಪಟ್ಟಿಯುಳ್ಳ ಚೀಟಿಯೊಂದರಲ್ಲಿ ನಾಲ್ಕು ಸಾಲು ಬರೆದರೆ ಪಟ್ಟಿಯು ತಾನೇ ಬರುವುದು, ತಾನೇ ಹೋಗುವುದು. ಅರ್ಥವೇನೋ ಆಕೆಗೆ ಕೂಡಲೆ ಆಯಿತು. ಆದರೆ ತಿದ್ದಲೆಂದು ಚೀಟಿಯನ್ನು ತೆರೆದ ಕ್ಷಣದಲ್ಲಿಯೇ ಪಟ್ಟಿಯು ಮೂಡಿ, ಅದರ ಕೆಳಗಿದ್ದುದೆಲ್ಲ ಒಂದು ಗೇಣು ಕೆಳಕ್ಕೆ ಸರಿಯಿತು. ಶೀರ್ಷಿಕೆಯಿದ್ದ ಜಾಗಕ್ಕೆ ಗುಂಡಿಗಳ ಸಾಲು ಬಂದಿತು. ಆಕೆ ಶೀರ್ಷಿಕೆಯನ್ನು ಒತ್ತಹೋಗಿ ಕಸದ ಬುಟ್ಟಿಯ ಚಿತ್ರವನ್ನು ಒತ್ತಿದಳು. ಅಳಿಸಲೆ ಎಂದು ಯಂತ್ರವು ಕೇಳಿದ್ದರಿಂದ ಚೀಟಿಯು ಉಳಿಯಿತು. “ಎಲೆಯ ಮುಂದೆ ಕೂರೋ ಹೊತ್ತಿಗೆ ಮಣೆ ಎಳೆದ ಹಾಗೆ” ಎಂದು ಉಯ್ಯಾಲೆಯಿಂದ ದೊಡ್ಡಮ್ಮನವರ ಟೀಕೆ.

ಮೂರನೆಯ ಭಾನುವಾರ ಪಟ್ಟಿಯ ಜಾಗವು ಸ್ಥಿರವಾಯಿತು; ಬರವಣಿಗೆಯು ಉಳಿದಿದ್ದರೆ ಅದು ಖಾಲಿಯಾಗಿರುವುದು, ಉಳಿಯದಿದ್ದರೆ ಅಕ್ಷರಗಳು ಮೂಡುವುವು; ಏನೂ ಅಲುಗಾಡುವುದಿಲ್ಲ. ಈ ಬಾರಿ ನಮ್ಮ ಬೀದಿಯ ವೃದ್ಧಮಿತ್ರರೊಬ್ಬರನ್ನೂ ಕುಳ್ಳಿರಿಸಿದೆವು. ಅವರಿಗೆ ಹುಟ್ಟಿನಿಂದಲೂ ಕೆಂಪು ಹಸುರುಗಳ ಭೇದವು ಸರಿಯಾಗಿ ತೋರದು. ಗುರುತು ಕೆಂಪಗಾಯಿತೆಂಬುದೇ ಅವರ ಅರಿವಿಗೆ ಬರಲಿಲ್ಲ. ಅಕ್ಷರಗಳನ್ನು ಓದಿ ಗುಂಡಿಯನ್ನು ಹುಡುಕಿ ಒತ್ತಿದರು. ಇಬ್ಬರೂ ತೇರ್ಗಡೆ.

ಟಿಡ್ಲಿವಿಕಿಯನ್ನು ಬೆಳೆಸುತ್ತಿರುವವರು ನಾನಾ ದೇಶಗಳಲ್ಲಿ ಹರಡಿದ್ದಾರೆ. ಯಾರಾದರೂ ಒಂದು ತಿದ್ದುಪಡಿಯನ್ನು ಕಳುಹಿಸಿದರೆ ಇತರರು ಅದನ್ನು ಸಾಲುಸಾಲಾಗಿ ಪರಿಶೀಲಿಸುವರು; ಯಂತ್ರವೇ ನಡೆಸುವ ಪರೀಕ್ಷೆಗಳೂ ಇವೆ; ಮುಂದಿನ ಆವೃತ್ತಿಯನ್ನು ಬಿಡುಗಡೆಗೆ ಮುಂಚೆಯೇ ಎಲ್ಲರ ಪ್ರಯೋಗಕ್ಕೆ ಇಡುವರು; ಹಿಂದೆ ಬರೆದಿಟ್ಟವರ ಫೈಲುಗಳು ಕೆಡಬಾರದೆಂಬುದರಲ್ಲಿ ಬಹಳ ಬಿಗಿ. ಯಂತ್ರದ ಪರೀಕ್ಷೆಯು ಗುರುತು ಕೆಂಪಗಾಯಿತೇ ಇಲ್ಲವೇ ಎಂಬುದನ್ನು ಹೇಳಬಲ್ಲುದು. ಕೆಂಪನ್ನು ಕಂಡ ಮೈಸೂರಿನ ಮೇಷ್ಟರು ಏನೆಂದುಕೊಂಡರೆಂಬುದನ್ನು ಅದು ಹೇಗೆ ಹೇಳೀತು? ತನ್ನ ಪಟ್ಟಿಯನ್ನು ಅವರಿಗೆ ಕಳುಹಿಸಬೇಕೇ ಎಂಬುದನ್ನು ಮಗಳು ಇನ್ನೂ ಯೋಚಿಸುತ್ತಿದ್ದಾಳೆ. ಕಳುಹಿಸುವ ಮೊದಲು ಇನ್ನೂ ಹತ್ತು ಮಂದಿಯನ್ನು ಕುಳ್ಳಿರಿಸಿ ನೋಡಬೇಕಂತೆ.

ಪರೀಕ್ಷೆಯಲ್ಲಿ ಕಂಡ ಇನ್ನೊಂದು ತೊಡಕು ಹಾಗೆಯೇ ಉಳಿದಿದೆ. ‘ಕುಕ್ಕರ್‌ನಲ್ಲಿ’ ಎಂದು ಬರೆಯುವಾಗ ಅರ್ಧಾಕ್ಷರವು ಮುಂದಿನದಕ್ಕೆ ಒತ್ತಾಗದಂತೆ ತಡೆಯಲು, ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಸೇರಿಸುವುದುಂಟು. ಅದಿಲ್ಲದಿದ್ದರೆ ‘ಕುಕ್ಕರ್ನಲ್ಲಿ’ ಎಂದು ಅರ್ಕಾವೊತ್ತು ಬೀಳುವುದು. ಒಂದು ರೀತಿಯಲ್ಲಿ ಬರೆದು ಇನ್ನೊಂದು ರೀತಿಯಲ್ಲಿ ಹುಡುಕಿದರೆ ಚೀಟಿಯು ಸಿಕ್ಕುವುದಿಲ್ಲ. ಮನುಷ್ಯನಿಗೆ ಒಂದೇ ಮಾತು, ಯಂತ್ರಕ್ಕೆ ಎರಡು. ಮಗಳ ಪಟ್ಟಿಯಲ್ಲಿ ಇದು ಬಾಕಿ ಎಂಬ ತಲೆಬರಹದ ಕೆಳಗಿದೆ. ಅಲ್ಲಿಯವರೆಗೆ ‘ಕುಕ್ಕರ್’ ಎಂದಷ್ಟನ್ನೇ ಹುಡುಕಬೇಕೆಂದು ಆಜ್ಞೆ.

ಈ ಪರೀಕ್ಷೆಗಳ ನಡುವೆಯೇ ಒಂದು ಸಂಗತಿಯು ನಡೆಯಿತು. ಡೌನ್‌ಲೋಡುಗಳ ಕಪಾಟನ್ನು ಗುಡಿಸುತ್ತಿದ್ದ ಮಗಳು, “ಅಮ್ಮ, ಮೊದಲನೆಯ ದಿನ ಆ ಕೆಂಪು ಗುರುತನ್ನು ಒತ್ತಿದ್ದೆಯಾ?” ಎಂದು ಕೂಗಿದಳು. ಏನಾಗುವುದೋ ನೋಡೋಣವೆಂದು ಒಮ್ಮೆ ಒತ್ತಿದ್ದು ನನ್ನ ಪತ್ನಿಗೆ ಜ್ಞಾಪಕಕ್ಕೆ ಬಂದಿತು. ಏನೂ ಆದಂತೆ ಕಾಣದ್ದರಿಂದ ಮತ್ತೆ ಮುಟ್ಟಿರಲಿಲ್ಲ. ಅಂದಿನ ಪ್ರತಿಯು ಬಿಲ್ಲುಗಳು, ರಸೀತಿಗಳ ನಡುವೆ ಬಿದ್ದಿದ್ದಿತು. ಉಳಿದ ಮೂರು ದಿನಗಳದು ಹೋದದ್ದು ಹೋಯಿತು. ಪುಡಿಗಳ ದಿನದ್ದು ಸಿಕ್ಕಿತು.

ಒಂದು ಟಿಡ್ಲಿವಿಕಿಯ ಫೈಲನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟರೆ, ಯಾವ ಯಾವ ಚೀಟಿಗಳನ್ನು ಸೇರಿಸಿಕೊಳ್ಳಲಿ ಎಂದು ಅದು ಪಟ್ಟಿ ಮಾಡಿ ಕೇಳುವುದು. ಅದೇ ಹೆಸರಿನದು ಮೊದಲೇ ಇದ್ದರೆ ಎಚ್ಚರಿಸುವುದು. ಹೆಸರನ್ನು ಬದಲಿಸಿ ಸೇರಿಸಿಕೊಳ್ಳಲೂ ಬಹುದು. ‘ಮೆಂತ್ಯದ ಹಿಟ್ಟು’ ಎಂಬ ಚೀಟಿಯು, ನೋಟುಬುಕ್ಕಿನಿಂದ ಬರೆದುದಾಗಿ, ಆಗಲೇ ಪುಸ್ತಕದಲ್ಲಿದ್ದುದರಿಂದ ಎಚ್ಚರಿಕೆಯು ಬಂದಿತು. ತಾಳೆ ನೋಡಿದರೆ ಎರಡೂ ಬೇರೆ ಬೇರೆ! ಮೊದಲು ಹೇಳಿದುದರಲ್ಲಿ ಒಂದು ಪಾವು ಕಡಲೆಬೇಳೆಗೆ ಎರಡು ಚಮಚ ಮೆಂತ್ಯ. ಎರಡನೆಯದರಲ್ಲಿ ಒಂದೇ ಚಮಚ, ಜೊತೆಗೆ ಒಂದು ಹಿಡಿ ಗೋಧಿ. ವಯಸ್ಸಾಯಿತು, ಮರೆತಿದ್ದಾರೆ ಎಂದು ನಾನು ಪಿಸುಮಾತಿನಲ್ಲಿ ಅಂದೆ. ನನ್ನ ಪತ್ನಿಯು ನೇರವಾಗಿ ಹೊಳೆನರಸೀಪುರಕ್ಕೆ ಫೋನು ಮಾಡಿದಳು. ಅಷ್ಟು ಹೊತ್ತಿಗೆ ದೊಡ್ಡಮ್ಮನವರು ಊರಿಗೆ ಹಿಂದಿರುಗಿದ್ದರು.

“ದೊಡ್ಡಮ್ಮ, ಇವೆರಡರಲ್ಲಿ ಯಾವುದು ಸರಿ?”

“ಎರಡೂ ಸರಿಯೇ. ಮೊದಲು ಹೇಳಿದ್ದು ನಮ್ಮತ್ತೆಯವರದು. ಆಮೇಲಿಂದು ನಮ್ಮಮ್ಮನದು, ನಿಮ್ಮಜ್ಜೀದು ಕಣೆ. ಅದನ್ನ ನಾನು ಮದುವೆಯಾದಮೇಲೆ ಮಾಡೇ ಇರಲಿಲ್ಲ. ನೀನು ತಿರುಗಿ ಕೇಳಿದೆಯಲ್ಲ, ಆಗ ನೆನಪಾಯಿತು.”

ನನ್ನ ಪತ್ನಿಯು ಒಂದು ಚೀಟಿಗೆ ‘ಮೆಂತ್ಯದ ಹಿಟ್ಟು, ಅತ್ತೆಮನೆ’ ಎಂದೂ ಇನ್ನೊಂದಕ್ಕೆ ‘ಮೆಂತ್ಯದ ಹಿಟ್ಟು, ತೌರುಮನೆ’ ಎಂದೂ ಹೆಸರಿಟ್ಟು ಎರಡಕ್ಕೂ ಕೊಂಡಿ ಹಾಕಿದಳು. ಪಟ್ಟಿಯಲ್ಲಿ ಅಕ್ಷರಗಳು ಮೂಡಿದುವು. ಆಕೆ ಪಕ್ಕದ ಗುಂಡಿಯನ್ನು ಒತ್ತಿ, ಅವು ಮಾಯವಾಗುವವರೆಗೆ ನೋಡಿಕೊಂಡು, ಮುಚ್ಚಳವನ್ನು ಮುಚ್ಚಿದಳು.